ಮುಖಕ್ಕೆ ಒಪ್ಪುವ ಕ್ಯಾಟ್ ಐ ಕೂಲಿಂಗ್ ಗ್ಲಾಸ್ ಆರಿಸುವುದು ಹೇಗೆ? ಕರಾವಳಿಯವರಿಗೊಂದು ಮಾರ್ಗದರ್ಶಿ

ಕ್ಯಾಟ್ ಐ ಎಂದರೆ ಹೊರಗಿನ ಮೇಲ್ಮೂಲೆಗಳು ತುಸು ಎದ್ದು ನಿಂತ ಫ್ರೇಮ್. ಹಂಪನಕಟ್ಟೆಯ ಅಂಗಡಿಗಳಲ್ಲಿ ನೋಡಿ, ಮಣಿಪಾಲದಲ್ಲಿ ನೋಡಿ, ಹೆಂಗಸರ ಕೂಲಿಂಗ್ ಗ್ಲಾಸ್ ಇಟ್ಟ ಕಡೆ ಒಂದು ಸಾಲಾದರೂ ಇದೇ ಇರುತ್ತದೆ. ಆದರೂ ಎಷ್ಟೋ ಜನ ಒಮ್ಮೆ ಹಾಕಿ, ಕನ್ನಡಿ ನೋಡಿ, "ನನ್ನ ಮುಖಕ್ಕೆ ಇದು ಒಪ್ಪುವುದಿಲ್ಲ" ಎಂದು ವಾಪಸ್ ಇಟ್ಟುಬಿಡುತ್ತಾರೆ. ಗುಂಡು ಮುಖ, ಚಪ್ಪಟೆ ಮೂಗು, ವಯಸ್ಸಾಯಿತು ಎಂದೆಲ್ಲ ಕಾರಣ ಕೊಡುತ್ತಾರೆ. ನನ್ನ ಪ್ರಕಾರ ಕ್ಯಾಟ್ ಐ ಒಪ್ಪದ ಮುಖ ಬಹಳ ಕಡಿಮೆ. ಹೆಚ್ಚಿನ ಸಲ ತಪ್ಪಿರುವುದು ಅಳತೆ. ಫ್ರೇಮ್ ಅಗಲ ಜಾಸ್ತಿಯಾಗಿರುತ್ತದೆ, ಇಲ್ಲವೇ ಅದರ ಮೂಲೆಗೂ ಹುಬ್ಬಿಗೂ ಹೊಂದಿಕೆ ಇರುವುದಿಲ್ಲ. ಹಾಗಾಗಿ ಇಲ್ಲಿ ಮುಖದ ಆಕಾರಕ್ಕಿಂತ ಅಳತೆಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದಕ್ಕೂ ಮೊದಲು ಗಾಜಿನ ವಿಷಯ. ನಮ್ಮ ಬಿಸಿಲಿಗೆ ಅದನ್ನು ಬಿಟ್ಟು ಅಂದದ ಮಾತಾಡುವುದು ಸರಿಯಲ್ಲ.

1. ಮೊದಲು ಗಾಜು ನೋಡಿ

ಗಾಜು ಕಪ್ಪಗಿದ್ದ ಮಾತ್ರಕ್ಕೆ ಕಣ್ಣಿಗೆ ರಕ್ಷಣೆ ಸಿಗುವುದಿಲ್ಲ. ಕಣ್ಣಿಗೆ ಹಾನಿ ಮಾಡುವುದು ಬಿಸಿಲಿನಲ್ಲಿರುವ ಅತಿನೇರಳೆ ಕಿರಣ, ಅಂದರೆ ಯುವಿ. ಯುವಿ ತಡೆಯದ ಬರೀ ಕಪ್ಪು ಗಾಜು ಹಾಕಿದರೆ, ಕತ್ತಲಾಯಿತೆಂದು ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳುತ್ತದೆ. ಆಗ ಯುವಿ ಇನ್ನೂ ಸಲೀಸಾಗಿ ಒಳಗಿಳಿಯುತ್ತದೆ. ಅಂಥ ಗಾಜಿಗಿಂತ ಬರಿಗಣ್ಣೇ ವಾಸಿ. ವರ್ಷಗಟ್ಟಲೆ ಹೀಗೆ ಬಿಸಿಲು ತಿಂದ ಕಣ್ಣಿಗೆ ಪೊರೆ ಬೇಗ ಬರಬಹುದು. ಕಣ್ಣಿನ ಬಿಳಿ ಭಾಗದಲ್ಲಿ ಮಾಂಸದ ಪದರ ಬೆಳೆದು ಕರಿಗುಡ್ಡೆಯ ಕಡೆಗೆ ಹಬ್ಬುವುದೂ ಉಂಟು. ದಿನವಿಡೀ ದೋಣಿಯಲ್ಲಿ, ಗದ್ದೆಯಲ್ಲಿ ಕೆಲಸ ಮಾಡುವವರಲ್ಲಿ ಇದು ಜಾಸ್ತಿ.

ಕರಾವಳಿಯಲ್ಲಿ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ಒಣಗಿದ ಮರಳು ತನ್ನ ಮೇಲೆ ಬಿದ್ದ ಯುವಿಯಲ್ಲಿ ಸುಮಾರು 15 ಶೇಕಡಾ, ಅಲೆಯ ನೊರೆ ಸುಮಾರು 25 ಶೇಕಡಾ ವಾಪಸ್ ಎಸೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಣಂಬೂರಿನಲ್ಲಿ ಕೊಡೆ ಹಿಡಿದು ನಿಂತರೂ ಕೆಳಗಿನಿಂದ ಬಿಸಿಲು ಕಣ್ಣಿಗೆ ಹೊಡೆಯುವುದು ಇದಕ್ಕೇ. ತೆಳು ಮೋಡ ಇದ್ದ ದಿನವೂ ಯುವಿ ಬಹುಪಾಲು ಇಳಿದೇ ಇಳಿಯುತ್ತದೆ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: "ಇದು ಯುವಿ 400 ಹೌದಾ?" 400 ನ್ಯಾನೋಮೀಟರ್ ತನಕದ ಕಿರಣಗಳನ್ನು, ಅಂದರೆ ಯುವಿ ಪೂರ್ತಿಯನ್ನು, ಗಾಜು ತಡೆಯುತ್ತದೆ ಎಂಬುದು ಅದರ ಅರ್ಥ. ಸ್ಟಿಕ್ಕರ್ ಅಂಟಿಸಿದ್ದನ್ನೇ ನಂಬಬೇಡಿ. ಅನೇಕ ಕನ್ನಡಕದ ಅಂಗಡಿಗಳಲ್ಲಿ ಇದನ್ನು ನೋಡುವ ಸಣ್ಣ ಯಂತ್ರ ಇರುತ್ತದೆ. ಗಾಜನ್ನು ಅದರಲ್ಲಿಟ್ಟು ತೋರಿಸಿ ಎಂದು ಕೇಳಿ. ಸಂಕೋಚ ಬೇಡ, ಅರ್ಧ ನಿಮಿಷದ ಕೆಲಸ. ಬೆಲೆ ಜಾಸ್ತಿ ಎಂದ ಕೂಡಲೇ ರಕ್ಷಣೆಯೂ ಜಾಸ್ತಿ ಅಂತಲ್ಲ. ಕಡಿಮೆ ಬೆಲೆಯ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಗಾಜು ಕೂಡ ಯುವಿಯನ್ನು ಚೆನ್ನಾಗಿ ತಡೆಯುತ್ತದೆ. ಬೀಚಿನ ಬದಿಯಲ್ಲಿ ಹಲಗೆಗೆ ಸಿಕ್ಕಿಸಿ ಮಾರುವ ಕನ್ನಡಕಗಳ ತೊಂದರೆ ಬೆಲೆ ಅಲ್ಲ. ಅಲ್ಲಿ ಪರೀಕ್ಷೆ ಮಾಡಿ ನೋಡುವ ದಾರಿಯೇ ಇಲ್ಲ. ಫೋಟೋಗೆ ಬೇಕಾದರೆ ಕೊಳ್ಳಿ, ಬಿಸಿಲಿಗೆ ಬೇಡ.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಕನ್ನಡಕವನ್ನು ಕೈಯಳತೆಯ ದೂರದಲ್ಲಿ ಹಿಡಿಯಿರಿ. ಒಂದು ಗಾಜಿನ ಮೂಲಕ ಅಂಗಡಿಯ ನೆಲದ ಟೈಲ್ಸ್ ಗೆರೆಯನ್ನೋ ಬಾಗಿಲಿನ ಅಂಚನ್ನೋ ನೋಡುತ್ತಾ ನಿಧಾನಕ್ಕೆ ಎಡಕ್ಕೆ, ಬಲಕ್ಕೆ ಆಡಿಸಿ. ಗೆರೆ ನೆಟ್ಟಗೇ ಇದ್ದರೆ ಗಾಜು ಒಳ್ಳೆಯದು. ಅಲೆಯಂತೆ ಬಳುಕಿದರೆ ಬಿಟ್ಟುಬಿಡಿ. ಅಂಥದ್ದನ್ನು ಅರ್ಧ ದಿನ ಹಾಕಿದರೂ ತಲೆನೋವು ಬರಬಹುದು.

ಗಾಜು ಎಷ್ಟು ಕಪ್ಪು ಎಂಬುದಕ್ಕೆ 0ಯಿಂದ 4ರ ತನಕ ಕ್ಯಾಟಗರಿ ಇದೆ. ಕಡ್ಡಿಯ ಒಳಬದಿಯಲ್ಲೋ ಲೇಬಲ್ಲಿನಲ್ಲೋ ಬರೆದಿರುತ್ತದೆ. ನಮ್ಮ ಬಿಸಿಲಿಗೆ 3 ಸರಿ. ಅದು ಬೆಳಕಿನ 8ರಿಂದ 18 ಶೇಕಡಾ ಮಾತ್ರ ಒಳಗೆ ಬಿಡುತ್ತದೆ. ಮೋಡದ ದಿನಕ್ಕೆ, ಪೇಟೆಯೊಳಗಿನ ಓಡಾಟಕ್ಕೆ 2 ಸಾಕು. 4 ತೀರಾ ಕಪ್ಪು, ಅದನ್ನು ಹಾಕಿಕೊಂಡು ಗಾಡಿ ಓಡಿಸಲೇಬಾರದು.

2. ಪೋಲರೈಸ್ಡ್ ಬೇಕಾ, ಬಣ್ಣ ಯಾವುದು?

ನೀರಿನ ಮೇಲಿನ, ಒದ್ದೆ ರಸ್ತೆಯ ಮೇಲಿನ ಕಣ್ಣು ಕುಕ್ಕುವ ಹೊಳಪನ್ನು ಪೋಲರೈಸ್ಡ್ ಗಾಜು ಕಡಿಮೆ ಮಾಡುತ್ತದೆ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗುವಾಗ ಹಾಕಿ ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮಳೆ ನಿಂತು ಬಿಸಿಲು ಬಿದ್ದಾಗ ಹೆದ್ದಾರಿ 66ರಲ್ಲಿ ಗಾಡಿ ಓಡಿಸುವವರಿಗೂ ಇದು ವರ. ಒಂದು ಅನನುಕೂಲ ಇದೆ. ಕೆಲವು ಮೊಬೈಲ್ ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ. ಪೋಲರೈಸ್ಡ್ ಬೇರೆ, ಯುವಿ ರಕ್ಷಣೆ ಬೇರೆ. ಎರಡನ್ನೂ ಪ್ರತ್ಯೇಕವಾಗಿ ಕೇಳಬೇಕು.

ಗಾಜಿನ ಬಣ್ಣದಲ್ಲಿ ಬೂದು ಹಾಕಿದರೆ ಸುತ್ತಲಿನ ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಕಂದು ಹಾಕಿದರೆ ಎಲ್ಲವೂ ಸ್ವಲ್ಪ ಎದ್ದು ಕಾಣುತ್ತದೆ, ಮೋಡದ ದಿನಕ್ಕೆ ಒಳ್ಳೆಯದು. ಮೇಲೆ ಕಪ್ಪಾಗಿ ಕೆಳಗೆ ತಿಳಿಯಾಗುತ್ತಾ ಬರುವ ಗಾಜು ಕ್ಯಾಟ್ ಐಯಲ್ಲಿ ನೋಡಲು ಬಹಳ ಚೆಂದ. ಕಾರು ಓಡಿಸಲೂ ಅನುಕೂಲ. ಆದರೆ ಬೀಚಿಗೆ ಅದು ಸಾಲದು, ಮರಳಿನ ಪ್ರಖರ ಬೆಳಕು ಆ ತಿಳಿ ಭಾಗದಿಂದಲೇ ಬರುತ್ತದೆ.

3. ಅಳತೆ: ಇಲ್ಲಿ ಆತುರ ಬೇಡ

ಮನೆಯಲ್ಲಿ ಹಳೆಯ ಕನ್ನಡಕ ಇದ್ದರೆ ಕಡ್ಡಿಯ ಒಳಬದಿ ನೋಡಿ. 52, 18, 140 ಎಂಬಂಥ ಮೂರು ಸಂಖ್ಯೆ ಇರುತ್ತವೆ. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಮೂಗಿನ ಮೇಲೆ ಕೂರುವ ಬ್ರಿಡ್ಜ್, ಮೂರನೆಯದು ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರ್ ಲೆಕ್ಕ. ನಿಮಗೆ ಸರಿಹೋದ ಕನ್ನಡಕದ ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಆನ್‌ಲೈನಿನಲ್ಲಿ ಕೊಳ್ಳುವಾಗ ಇದಕ್ಕಿಂತ ಒಳ್ಳೆಯ ಆಧಾರ ಇನ್ನೊಂದಿಲ್ಲ. ಒಂದು ಎಚ್ಚರಿಕೆ: ಕ್ಯಾಟ್ ಐಯ ರೆಕ್ಕೆಗಳು, ಅಂದರೆ ಎದ್ದು ನಿಂತ ಮೂಲೆಗಳು, ಗಾಜಿನಾಚೆಗೂ ಚಾಚಿರುತ್ತವೆ. ಈ ಮೂರು ಸಂಖ್ಯೆಗಳಲ್ಲಿ ಆ ಭಾಗ ಸೇರಿರುವುದಿಲ್ಲ. ಹಾಗಾಗಿ ಫ್ರೇಮಿನ ಪೂರ್ತಿ ಅಗಲ ಎಷ್ಟು ಎಂದು ಬೇರೆಯಾಗಿ ನೋಡಿ.

ಪೂರ್ತಿ ಅಗಲ ನಿಮ್ಮ ಮುಖದ ಅಗಲಕ್ಕೆ ಹೆಚ್ಚುಕಡಿಮೆ ಸಮ ಇರಬೇಕು. ಕಣ್ಣಿನ ಮಟ್ಟದಲ್ಲಿ ಒಂದು ಕಣತಲೆಯಿಂದ (ಕಣ್ಣಿಗೂ ಕಿವಿಗೂ ನಡುವಿನ ಜಾಗ) ಇನ್ನೊಂದಕ್ಕೆ ಸ್ಕೇಲ್ ಹಿಡಿದು ಅಳೆಯಿರಿ. ರೆಕ್ಕೆಯ ತುದಿ ಮುಖದಿಂದ ಕೆಲವು ಮಿಲಿಮೀಟರ್ ಆಚೆ ಬಂದರೆ ಚೆಂದ. ಅದಕ್ಕಿಂತ ಜಾಸ್ತಿ ಬಂದರೆ ಎದುರಿಗಿದ್ದವರಿಗೆ ಮುಖಕ್ಕಿಂತ ಮೊದಲು ಕನ್ನಡಕವೇ ಕಾಣುತ್ತದೆ. ಕಡ್ಡಿಗಳು ಕಣತಲೆಯನ್ನು ಒತ್ತುತ್ತಿದ್ದರೆ ಫ್ರೇಮ್ ಕಿರಿದು ಎಂದರ್ಥ.

ಈಗ ಹುಬ್ಬು. ಕ್ಯಾಟ್ ಐ ಆರಿಸುವಾಗ ನಾನು ಎಲ್ಲಕ್ಕಿಂತ ಜಾಸ್ತಿ ನೋಡುವುದು ಇದನ್ನೇ. ಈ ಆಕಾರ ಹುಟ್ಟಿದ್ದೇ ಕಣ್ಣಿನ ಮೂಲೆ ಎತ್ತಿ ತೋರಿಸುವುದಕ್ಕೆ. 1930ರ ದಶಕದಲ್ಲಿ ನ್ಯೂಯಾರ್ಕ್‌ನ ಆಲ್ಟಿನಾ ಶಿನಾಸಿ ಎಂಬ ಕಲಾವಿದೆ ಅಂಗಡಿಗಳ ಕಿಟಕಿ ಅಲಂಕಾರದ ಕೆಲಸ ಮಾಡುತ್ತಿದ್ದರು. ಹೆಂಗಸರ ಕನ್ನಡಕಗಳೆಲ್ಲ ಸಪ್ಪೆ ಎನ್ನಿಸಿ, ವೆನಿಸ್ ಹಬ್ಬದ ಮುಖವಾಡಗಳ ಕಣ್ಣಿನ ಆಕಾರದಿಂದ ಒಂದು ಫ್ರೇಮ್ ಮಾಡಿದರು. ದೊಡ್ಡ ತಯಾರಕರು ಬೇಡ ಎಂದರು. ಕೊನೆಗೆ ಒಬ್ಬ ಅಂಗಡಿಯವರು ಒಪ್ಪಿಕೊಂಡು ಮಾರಿದರು. 1939ರಲ್ಲಿ ಅದಕ್ಕೆ ಲಾರ್ಡ್ ಅಂಡ್ ಟೇಲರ್ ಎಂಬ ದೊಡ್ಡ ಮಳಿಗೆಯ ವಿನ್ಯಾಸ ಪ್ರಶಸ್ತಿ ಬಂತು. 1950ರ ದಶಕದಲ್ಲಂತೂ ಈ ಆಕಾರ ಎಲ್ಲೆಡೆ ಹಬ್ಬಿತು. ಯಕ್ಷಗಾನದ ಸ್ತ್ರೀವೇಷದಲ್ಲಿ ಕಾಡಿಗೆಯನ್ನು ಕಣ್ಣಿನ ಹೊರ ಮೂಲೆಯಿಂದ ಆಚೆಗೆ ಎಳೆಯುತ್ತಾರಲ್ಲ, ಕ್ಯಾಟ್ ಐ ಮುಖಕ್ಕೆ ಮಾಡುವುದೂ ಅದನ್ನೇ.

ಹಾಗಾಗಿ ಫ್ರೇಮಿನ ಮೇಲಂಚು ನಿಮ್ಮ ಹುಬ್ಬಿನ ಓಟವನ್ನೇ ಹಿಡಿದು ಹೋಗಬೇಕು. ಹುಬ್ಬು ಫ್ರೇಮಿನ ಮೇಲೆ ಪೂರ್ತಿ ಕಾಣಲಿ, ಇಲ್ಲವೇ ಪೂರ್ತಿ ಮುಚ್ಚಲಿ. ಎರಡೂ ಚೆನ್ನಾಗಿರುತ್ತದೆ. ಅರ್ಧ ಹುಬ್ಬು ಮೇಲೆ, ಅರ್ಧ ಗಾಜಿನ ಹಿಂದೆ ಹೋಗಿ, ಎರಡು ಗೆರೆ ಒಂದನ್ನೊಂದು ಕತ್ತರಿಸಿದಂತೆ ಕಂಡರೆ ಮುಖದಲ್ಲಿ ಸಿಟ್ಟೋ ಆಶ್ಚರ್ಯವೋ ಬಂದಂತೆ ಇರುತ್ತದೆ. ನಿಮ್ಮ ಹುಬ್ಬು ನೇರ ಇದ್ದರೆ ಮೂಲೆ ಕಡಿಮೆ ಎದ್ದ ಫ್ರೇಮ್ ತೆಗೆದುಕೊಳ್ಳಿ. ಹುಬ್ಬು ಬಿಲ್ಲಿನ ಹಾಗೆ ಬಾಗಿದ್ದರೆ ಮೂಲೆ ಜಾಸ್ತಿ ಎದ್ದದ್ದನ್ನು ಧೈರ್ಯವಾಗಿ ಹಾಕಬಹುದು.

ಮೂಗು ಮತ್ತು ಕೆನ್ನೆಯನ್ನು ಒಟ್ಟಿಗೇ ನೋಡಬೇಕು. ಮೂಗಿನ ಬುಡ ತಗ್ಗಿದ್ದರೆ ಕನ್ನಡಕ ಕೆಳಗೆ ಜಾರಿ ಕೆನ್ನೆಯ ಮೇಲೆ ಕೂರುತ್ತದೆ. ಸುಮ್ನೆ ನಿಂತು ಕನ್ನಡಿ ನೋಡಿದರೆ ಇದು ಗೊತ್ತಾಗುವುದಿಲ್ಲ. ನಗಬೇಕು. ಮಂಗಳೂರಿನ ಅಂಗಡಿಯೊಂದರಲ್ಲಿ ಕೇಳಿದ ಮಾತು ಇದು:

"ಆಂಟಿ, ಒಮ್ಮೆ ಜೋರಾಗಿ ನಗಾಡಿ ನೋಡಿ."

"ಎಂತ ಮಾರಾಯ್ತಿ, ನಗಾಡಿದ್ರೆ ಕೆನ್ನೆಗೆ ತಾಗ್ತದಲ್ಲ! ಕನ್ನಡಕವೇ ಮೇಲೆ ಹೋಗ್ತದೆ."

"ಹಾಗಾದ್ರೆ ಅದು ಬೇಡ. ಮೂಗಿಗೆ ಪ್ಯಾಡ್ ಇರುವುದು ಉಂಟು, ಅದನ್ನು ಕೊಡ್ತೇನೆ."

ಆ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ಪ್ಲಾಸ್ಟಿಕ್ ಫ್ರೇಮಿನಲ್ಲೇ ಅಚ್ಚಾಗಿರುವ ಬ್ರಿಡ್ಜ್ ಅನ್ನು ಬಗ್ಗಿಸಲು ಆಗುವುದಿಲ್ಲ. ತಂತಿಗೆ ಸಿಕ್ಕಿಸಿದ ಸಣ್ಣ ನೋಸ್ ಪ್ಯಾಡ್ ಇದ್ದರೆ ಒಳಗೆ ಹೊರಗೆ ಮಾಡಿ ಕನ್ನಡಕವನ್ನು ಮೇಲೆ ಎತ್ತಿ ಕೂರಿಸಬಹುದು. ಬೆವರು ಸುರಿಯುವ ನಮ್ಮ ಊರಿನಲ್ಲಿ ಇದು ಇನ್ನೂ ಮುಖ್ಯ. ಎಸಿ ಅಂಗಡಿಯಲ್ಲಿ ಗಟ್ಟಿ ಕೂತದ್ದು ಹೊರಗೆ ಬಂದ ಮೇಲೆ ಜಾರಲು ಶುರು ಮಾಡುತ್ತದೆ. ಹಾಕಿಕೊಂಡು ತಲೆ ಬಗ್ಗಿಸಿ ಚಪ್ಪಲಿ ನೋಡಿ, ತಲೆಯನ್ನು ಎಡಬಲ ಅಲ್ಲಾಡಿಸಿ. ಆಮೇಲೆ ಅಂಗಡಿಯವರಿಗೆ ಹೇಳಿ ಎರಡು ನಿಮಿಷ ಬಾಗಿಲ ಹೊರಗೂ ನಿಂತು ನೋಡಿ.

4. ಮುಖದ ಆಕಾರಕ್ಕೆ ಯಾವುದು?

ಕೂದಲನ್ನು ಹಿಂದಕ್ಕೆ ಕಟ್ಟಿ ಕನ್ನಡಿಯ ಮುಂದೆ ನಿಲ್ಲಿ. ಒಂದು ಕಣ್ಣು ಮುಚ್ಚಿ, ಹಳೆಯ ಕಾಜಲ್ ಪೆನ್ಸಿಲಿನಿಂದ ಕನ್ನಡಿಯ ಮೇಲೆ ಮುಖದ ಅಂಚನ್ನು ಎಳೆಯಿರಿ. ಸೆಲ್ಫಿ ನೋಡಿ ತೀರ್ಮಾನಿಸಬೇಡಿ. ಅಷ್ಟು ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಮುಖ ಕಿರಿದಾಗಿ ಕಾಣುತ್ತದೆ. ಫೋಟೋನೇ ಬೇಕೆಂದರೆ ಎರಡು ಮೀಟರ್ ದೂರ ನಿಂತು ಬೇರೆಯವರು ತೆಗೆಯಲಿ.

ಗುಂಡು ಮುಖದವರೇ ಕ್ಯಾಟ್ ಐಗೆ ಹೆದರುವುದು ಜಾಸ್ತಿ. ನನಗೆ ಕೇಳಿದರೆ ಅವರಿಗೇ ಇದು ಎಲ್ಲರಿಗಿಂತ ಚೆನ್ನಾಗಿ ಒಪ್ಪುತ್ತದೆ. ಮುಖದಲ್ಲಿ ಇಲ್ಲದ ಮೂಲೆಯನ್ನು ಫ್ರೇಮ್ ಕೊಡುತ್ತದೆ, ನೋಟ ಮೇಲಕ್ಕೆ ಹೋಗುತ್ತದೆ, ಕೆನ್ನೆ ಸ್ವಲ್ಪ ತೆಳುವಾಗಿ ಕಾಣುತ್ತದೆ. ಮೂಲೆ ಚೂಪಾಗಿರಲಿ, ಗಾಜು ಅಗಲ ಜಾಸ್ತಿ, ಎತ್ತರ ಕಡಿಮೆ ಇರಲಿ. ಗಾಜು ಪೂರ್ತಿ ದುಂಡಗಿರುವುದು ಬೇಡ.

ಚೌಕ ಮುಖ, ಅಂದರೆ ಹಣೆ ಮತ್ತು ದವಡೆ ಒಂದೇ ಅಗಲ ಇದ್ದು ದವಡೆಯ ಮೂಲೆ ಎದ್ದು ಕಂಡರೆ, ಇದಕ್ಕೆ ತದ್ವಿರುದ್ಧ. ಮೂಲೆ ದುಂಡಗಿರುವ, ಕೆಳಭಾಗ ಬಾಗಿರುವ ಮೆದು ಕ್ಯಾಟ್ ಐ ನೋಡಿ. ಹಣೆ ಅಗಲ, ಗದ್ದ ಚೂಪು ಇರುವವರಿಗೆ ಮೇಲ್ಭಾಗ ಈಗಾಗಲೇ ಭಾರ ಇರುತ್ತದೆ. ಅಲ್ಲಿ ದಪ್ಪ ಕಪ್ಪು ರೆಕ್ಕೆ ಕೂರಿಸಿದರೆ ಇನ್ನೂ ಭಾರ. ತೆಳು ಲೋಹದ ಫ್ರೇಮ್ ಅಥವಾ ತಿಳಿ ಬಣ್ಣ ಸಾಕು, ಮೂಲೆ ಕೊಂಚ ಎದ್ದರೆ ಸಾಕು. ದವಡೆ ಅಗಲ, ಹಣೆ ಕಿರಿದು ಇರುವವರು ಮಾತ್ರ ಮೇಲಂಚು ದಪ್ಪ ಇರುವ, ಅಲ್ಲಿ ಬಣ್ಣ ಇರುವ ಫ್ರೇಮನ್ನು ಹುಡುಕಿ ತೆಗೆದುಕೊಳ್ಳಬೇಕು. ಮುಖಕ್ಕೆ ಸಮತೂಕ ಬರುತ್ತದೆ.

ಉದ್ದ ಮುಖಕ್ಕೆ ಗಾಜಿನ ಎತ್ತರ ಜಾಸ್ತಿ ಇರುವ ದೊಡ್ಡ ಕ್ಯಾಟ್ ಐ ಒಳ್ಳೆಯದು. ಸಪೂರ ಫ್ರೇಮ್ ಹಾಕಿದರೆ ಮುಖ ಇನ್ನೂ ಉದ್ದ ಕಾಣುತ್ತದೆ. ಮೊಟ್ಟೆಯಾಕಾರದ ಮುಖಕ್ಕೆ ಬಹುತೇಕ ಎಲ್ಲವೂ ಆಗುತ್ತದೆ, ಅಗಲ ಒಂದು ಸರಿ ಇದ್ದರಾಯಿತು. ಇದ್ಯಾವುದಕ್ಕೂ ನಿಮ್ಮ ಮುಖ ಸೇರದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಹುಬ್ಬು ಮತ್ತು ಅಗಲದ ನಿಯಮ ಪಾಲಿಸಿದರೆ ಮುಕ್ಕಾಲು ಕೆಲಸ ಆದ ಹಾಗೇ.

5. ಬಣ್ಣ, ಬಟ್ಟೆ, ಒಡವೆ

ಮೊದಲ ಕ್ಯಾಟ್ ಐ ಕಪ್ಪೋ ಆಮೆ ಚಿಪ್ಪಿನ ಕಂದು ಬಣ್ಣದ್ದೋ ಆಗಿರಲಿ. ಸೀರೆಗೂ ಸೈ, ಚೂಡಿದಾರಕ್ಕೂ ಸೈ, ಜೀನ್ಸಿಗೂ ಸೈ. ಎರಡನೆಯದಕ್ಕೆ ವೈನ್ ಕೆಂಪು ಅಥವಾ ಬಾಟಲ್ ಹಸಿರು ನೋಡಿ. ಗೋಧಿ ಬಣ್ಣದ, ಕಪ್ಪು ಬಣ್ಣದ ಮೈಗೆ ಇವೆರಡೂ ಬಹಳ ಚೆನ್ನಾಗಿ ಒಪ್ಪುತ್ತವೆ. ಮೈಬಣ್ಣಕ್ಕೆ ತೀರಾ ಹತ್ತಿರದ ಫ್ರೇಮ್ ಹಾಕಿದರೆ ಕ್ಯಾಟ್ ಐಯ ಗೆರೆಯೇ ಮಾಯವಾಗುತ್ತದೆ. ಮತ್ತೆ ಆ ಆಕಾರ ಆರಿಸಿ ಏನು ಪ್ರಯೋಜನ, ಅಲ್ವಾ? ಕೂದಲು ನರೆತವರಿಗೆ ನೀಲಿ, ವೈನ್ ಬಣ್ಣ ಮುಖಕ್ಕೆ ಕಳೆ ಕೊಡುತ್ತದೆ. ಐವತ್ತು ದಾಟಿದ ಮೇಲೆ ಇದೆಲ್ಲ ಯಾಕೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವಯಸ್ಸಾದಂತೆ ಕಣ್ಣಿನ ಹೊರ ಮೂಲೆ ಸ್ವಲ್ಪ ಇಳಿಯುತ್ತದೆ. ಮೇಲಕ್ಕೆ ಎದ್ದ ಫ್ರೇಮ್ ಆಗಲೇ ಜಾಸ್ತಿ ಉಪಕಾರಿ.

ಕಲ್ಲು ಕೂರಿಸಿದ, ಮಿನುಗುವ ಫ್ರೇಮಿನ ಜೊತೆ ದೊಡ್ಡ ಜುಮುಕಿ ಬೇಡ. ಕಿವಿಯ ಹತ್ತಿರ ಎರಡೂ ಪೈಪೋಟಿಗೆ ನಿಲ್ಲುತ್ತವೆ. ಹಗಲು ಮದುವೆಗೆ ಹೋಗುವಾಗ ಜುಮುಕಿ, ಮಲ್ಲಿಗೆ ಎಲ್ಲ ಇದ್ದರೆ ಕಪ್ಪು ಸಾದಾ ಫ್ರೇಮೇ ಚೆಂದ. ಕೂದಲು ಎತ್ತಿ ಕಟ್ಟಿದಾಗ ರೆಕ್ಕೆ ಚೆನ್ನಾಗಿ ಕಾಣುತ್ತದೆ. ಬಿಟ್ಟ ಕೂದಲಿನಲ್ಲಿ ಅರ್ಧ ಮುಚ್ಚಿಹೋಗುತ್ತದೆ.

6. ಸ್ಕೂಟರಿಗಾ, ಬೀಚಿಗಾ, ಪವರ್ ಹಾಕಿಸಲಿಕ್ಕಾ?

ಸ್ಕೂಟರ್ ಓಡಿಸುವವರು ಅಂಗಡಿಗೆ ಹೆಲ್ಮೆಟ್ ತೆಗೆದುಕೊಂಡೇ ಹೋಗಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟಿನಲ್ಲಿ ಕ್ಯಾಟ್ ಐಯ ಮೂಲೆ ಒಳಗಿನ ಸ್ಪಂಜಿಗೆ ತಾಗುತ್ತದೆ, ಕನ್ನಡಕ ಓರೆಯಾಗುತ್ತದೆ. ಕಡ್ಡಿ ದಪ್ಪ ಇದ್ದರೆ ಕಿವಿಯ ಮೇಲೆ ಒತ್ತಿ ನೋವು ಶುರುವಾಗುತ್ತದೆ. ತೆಳುವಾದ, ನೇರ ಕಡ್ಡಿ ಇರುವುದನ್ನು ಆರಿಸಿ. ಮೊದಲು ಹೆಲ್ಮೆಟ್ ಹಾಕಿ, ಆಮೇಲೆ ಕನ್ನಡಕ ತೂರಿಸಿ. ಅಗಲ ಕಡ್ಡಿ ಪಕ್ಕದ ನೋಟವನ್ನೂ ಮುಚ್ಚುತ್ತದೆ. ಪಂಪ್‌ವೆಲ್ ಸರ್ಕಲಿನಲ್ಲಿ ಪಕ್ಕದಿಂದ ಬರುವ ಬಸ್ಸು ಕಾಣಲೇಬೇಕು.

ಬೀಚಿಗೆ ಬೇಕಾದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಕ್ಯಾಟ್ ಐಯ ಗಾಜು ಹೊರಬದಿಯ ಕೆಳಗೆ ಕಿರಿದಾಗುತ್ತದೆ. ಸಣ್ಣ ಫ್ರೇಮಿನಲ್ಲಿ ಆ ಜಾಗ ಪೂರ್ತಿ ತೆರೆದೇ ಇರುತ್ತದೆ. ನಮ್ಮ ಬೀಚುಗಳೆಲ್ಲ ಪಡುವಣಕ್ಕೆ ಮುಖ ಮಾಡಿವೆ. ತಣ್ಣೀರುಬಾವಿಯಲ್ಲೋ ಕಾಪುವಿನಲ್ಲೋ ಸಂಜೆ ನಾಲ್ಕರ ಮೇಲೆ ಕೂತರೆ ಬಿಸಿಲು ನೇರವಾಗಿ ಕಣ್ಣಿಗೇ ಬೀಳುತ್ತದೆ.

ಪವರ್ ಹಾಕಿಸುವವರು ಫ್ರೇಮ್ ಕೊಳ್ಳುವ ಮೊದಲೇ ಚೀಟಿ ತೋರಿಸಿ ಕೇಳಿ. ಮೈನಸ್ ಪವರಿನ ಗಾಜು ನಡುವೆ ತೆಳು, ಅಂಚಿನಲ್ಲಿ ದಪ್ಪ. ಕ್ಯಾಟ್ ಐಯಲ್ಲಿ ಹೊರಗಿನ ಮೇಲ್ಮೂಲೆ ಗಾಜಿನ ನಡುವಿನಿಂದ ಬಹಳ ದೂರ ಇರುತ್ತದೆ. ಪವರ್ ಜಾಸ್ತಿ ಇದ್ದರೆ ಅಲ್ಲೇ ಗಾಜು ದಪ್ಪಗೆ ಹೊರಗೆ ಕಾಣುತ್ತದೆ. ಗಾಜು ಚಿಕ್ಕದಿರುವ, ಅಂಚು ದಪ್ಪ ಇರುವ ಅಸಿಟೇಟ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಫ್ರೇಮ್ ತೆಗೆದುಕೊಂಡರೆ ಈ ದಪ್ಪ ಮುಚ್ಚಿಹೋಗುತ್ತದೆ. ದೂರಕ್ಕೂ ಓದಲಿಕ್ಕೂ ಒಂದೇ ಗಾಜು ಬೇಕೆನ್ನುವವರಿಗೆ ಎತ್ತರ ಕಡಿಮೆ ಇರುವ ಫ್ರೇಮ್ ಆಗುವುದಿಲ್ಲ. ಬಿಸಿಲಿಗೆ ತಾನಾಗಿ ಕಪ್ಪಾಗುವ ಗಾಜು ಯುವಿ ತಾಗಿದರೆ ಮಾತ್ರ ಕಪ್ಪಾಗುವುದು. ಕಾರಿನ ಮುಂದಿನ ಗಾಜು ಯುವಿಯನ್ನು ಬಹುಪಾಲು ತಡೆಯುವುದರಿಂದ ಕಾರೊಳಗೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ಸೆಖೆ ಜಾಸ್ತಿಯಾದರೂ ಅದು ಕಪ್ಪಾಗುವುದು ಕಡಿಮೆ.

7. ಉಪ್ಪುಗಾಳಿಯಲ್ಲಿ ಬಾಳಿಕೆ

ಕಡಲ ಗಾಳಿಗೆ ಮೊದಲು ಹೋಗುವುದು ಸ್ಕ್ರೂ ಮತ್ತು ಕೀಲು. ಬೀಚಿನಿಂದ ಬಂದ ದಿನ ನಲ್ಲಿಯ ನೀರಿನಲ್ಲಿ ತೊಳೆಯಿರಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸಾಕು. ಮರಳು ಇರುವಾಗ ಸೆರಗಿನಲ್ಲೋ ಬೈರಾಸಿನಲ್ಲೋ ಒರೆಸಿದರೆ ಗಾಜಿನ ಮೇಲೆ ಗೀರು ಬೀಳುವುದು ಖಂಡಿತ. ತೊಳೆದ ಮೇಲೆ ಕನ್ನಡಕದ ಜೊತೆ ಕೊಡುವ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಲೋಹದ ಫ್ರೇಮಿನಿಂದ ಮೂಗಿನ ಬದಿ, ಕಿವಿಯ ಹಿಂದೆ ತುರಿಕೆ ಬಂದರೆ ಅದು ನಿಕ್ಕಲ್ ಅಲರ್ಜಿ ಇರಬಹುದು. ಅಂಥವರಿಗೆ ಅಸಿಟೇಟ್ ಅಥವಾ ಟೈಟಾನಿಯಂ ಒಳ್ಳೆಯದು.

ತಲೆಯ ಮೇಲೆ ಏರಿಸಿಕೊಳ್ಳುವ ಅಭ್ಯಾಸ ಬಿಡಿ. ಕಡ್ಡಿಗಳು ಅಗಲವಾಗಿ ಸಡಿಲಾಗುತ್ತವೆ, ತಲೆಯ ತೆಂಗಿನೆಣ್ಣೆ ನೋಸ್ ಪ್ಯಾಡಿಗೂ ಗಾಜಿಗೂ ಅಂಟುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಲೇಬೇಡಿ. ಅಸಿಟೇಟ್ ಬಾಗುತ್ತದೆ, ಗಾಜಿನ ಮೇಲಿನ ಲೇಪ ಬಿರುಕು ಬಿಡುತ್ತದೆ. ಆದರೆ ಬಿಸಿಗೆ ಬಾಗುವ ಈ ಗುಣದಿಂದಲೇ ಒಂದು ಅನುಕೂಲವೂ ಇದೆ. ಸಡಿಲಾದ ಅಸಿಟೇಟ್ ಕಡ್ಡಿಯನ್ನು ಅಂಗಡಿಯವರು ಬಿಸಿ ಮಾಡಿ ನಿಮ್ಮ ಕಿವಿಗೆ ಸರಿಯಾಗಿ ಬಗ್ಗಿಸಿ ಕೊಡುತ್ತಾರೆ. ಕೊಂಡ ದಿನವೇ ಇದನ್ನು ಮಾಡಿಸಿಕೊಳ್ಳಿ. ಮಳೆಗಾಲದಲ್ಲಿ ಚರ್ಮದ ಡಬ್ಬಿಗೆ ಬೂಷ್ಟು ಹಿಡಿಯುತ್ತದೆ. ಜೂನ್ ಬರುವ ಮೊದಲು ಡಬ್ಬಿಯನ್ನು ಒಮ್ಮೆ ಬಿಸಿಲಿಗಿಟ್ಟು, ಕನ್ನಡಕವನ್ನು ಒಣಗಿದ ಬಟ್ಟೆಯ ಚೀಲಕ್ಕೆ ಹಾಕಿ ಕಪಾಟಿನ ಮೇಲಿನ ಅರೆಯಲ್ಲಿಡಿ.